ಗುಳಿಗೆಯ ಬೆಡಗು

ಶಹಾಪುರದ ದವಾಖಾನೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಒಬ್ಬ ಅಕ್ಕ ಇರುತ್ತಿದ್ದರು. ಗುಳಿಗೆ ಕೈಗಿಡುವ ಮೊದಲು, "ಮನ್ಯಾಗ ಇನ್ನೇನು ನುಂಗಾಕತ್ತೀರಿ, ತೋರಸ್ರಿ" ಎಂದು ಎಲ್ಲರನ್ನೂ ತಡೆಯುತ್ತಿದ್ದರು. ಸಾಲಿನಲ್ಲಿ ನಿಂತವರು ಗೊಣಗಿದರೆ ಕನ್ನಡಕ ಮೇಲೇರಿಸಿ ಒಮ್ಮೆ ನೋಡುತ್ತಿದ್ದರು, ಅಷ್ಟೆ.

ಕಾಲುವೆಗೆ ನೀರು ಬಂದ ಮೇಲೆ ನಮ್ಮಲ್ಲೂ ಭತ್ತ ಬಂತು. ಬಗ್ಗಿ ಬಗ್ಗಿ ಸಸಿ ಹಚ್ಚಿದ ಅವ್ವನ ಸೊಂಟ ಹಿಡಿಯಿತು. ಬೇಗ ಗುಣವಾಗಲೆಂದು ಇಬ್ಬರು ಡಾಕ್ಟರ ಬಳಿ ಬೇರೆ ಬೇರೆ ಗುಳಿಗೆ ಬರೆಸಿಕೊಂಡು ಎರಡನ್ನೂ ನುಂಗಿದಳು. ವಾರದಲ್ಲಿ ಹೊಟ್ಟೆ ಉರಿಯತೊಡಗಿತು. ಅದಕ್ಕೊಂದು ಔಷಧಿ ಬೇಡಿ ಆ ಕಿಟಕಿಗೆ ಬಂದಾಗ ಅಕ್ಕ ಸೆರಗಿನ ಗಂಟು ಬಿಚ್ಚಿಸಿ, ಎರಡೂ ಗುಳಿಗೆಗಳನ್ನು ಪಕ್ಕಪಕ್ಕ ಇಟ್ಟರು.

"ಯವ್ವಾ, ಹೆಸರು ಬ್ಯಾರೆ, ಬೆಡಗು ಒಂದ. ಒಂದ ಬೆಡಗಿನಾಗ ಲಗ್ನ ಮಾಡ್ತೀರೇನು?"

ಅವ್ವ ನಾಲಿಗೆ ಕಚ್ಚಿಕೊಂಡಳು. "ಶಿವಶಿವಾ! ಒಂದ ಗೋತ್ರದವ್ರು ಅಣ್ಣ-ತಂಗಿ ಆಗ್ತಾರಲ್ರಿ!"

"ಇವೂ ಹಂಗ. ಎರಡೂ ನೋವಿನ ಗುಳಿಗಿ, ಕೂಡಿಸಬಾರ್ದು." ಆಮೇಲೆ ದನಿ ತಗ್ಗಿಸಿ, "ಹೊರಕಡಿಗೆ ಹೋದ್ರ ಕರ್ರಗ ಆಗಾಕತ್ತೈತೇನು?" ಎಂದರು.

ನಾಚಿಕೆಗೆ ಡಾಕ್ಟರಿಗೂ ಹೇಳದಿದ್ದ ಅವ್ವ ಹೌದೆಂದು ತಲೆಯಾಡಿಸಿದಳು. ಅಕ್ಕ ಕಿಟಕಿ ಮುಚ್ಚಿ, ಕೈಹಿಡಿದು ಡಾಕ್ಟರ ಕೋಣೆಗೆ ಕರೆದೊಯ್ದರು. ಹೊಟ್ಟೆಯೊಳಗೆ ರಕ್ತ ಒಸರುತ್ತಿತ್ತು.

ಅವ್ವ ಉಳಿದಳು. ಓದು ಬಾರದ ಆಕೆ ಇಂದಿಗೂ ಯಾವ ಗುಳಿಗೆಯನ್ನೂ ಅದರ ಬೆಡಗು ಕೇಳದೆ ನುಂಗುವುದಿಲ್ಲ. ಮನೆಗೆ ಹೊಸಬರು ಯಾರೇ ಬಂದರೂ ನೀರು ಕೊಡುವ ಮೊದಲೇ ಅವರ ಬೆಡಗನ್ನೂ ಕೇಳುತ್ತಾಳೆ.

ಆ ಅಕ್ಕನದನ್ನು ಮಾತ್ರ ಕೇಳಲೇ ಇಲ್ಲ.