ಹುಳುಮನೆಯೊಳಗೆ ಯಾರು ಹೋಗಬಹುದು

ಗ್ಯಾಸ್ ಸಿಲಿಂಡರಿನ ತಿರುಪನ್ನು ಮೂರು ಸಲ ಮುಟ್ಟಿ ನೋಡದೆ ನಾನು ಮನೆ ಬಿಡುವವನಲ್ಲ. ಬಸ್ಸಿನಲ್ಲಿ ಕೂತ ಮೇಲೂ, ಮೂರನೇ ಸಲ ಮುಟ್ಟಿದಾಗ ಮುಚ್ಚಿದೆನೋ ತೆಗೆದೆನೋ ಎಂದು ಇಳಿಯುವವರೆಗೂ ಯೋಚಿಸುತ್ತೇನೆ. ಇಂಥವನ ಕೈಗೆ ರೇಷ್ಮೆ ಹುಳು ಕೊಡಬಾರದು. ಆದರೆ ಕನಕಪುರದಿಂದ ರಾಮನಗರಕ್ಕೆ ಹೋಗುವ ರಸ್ತೆಯ ನಮ್ಮೂರಿನಲ್ಲಿ ಒಂದೆಕರೆ ಹಿಪ್ಪುನೇರಳೆ ತೋಟ ಇದ್ದವನು, ಹೈಸ್ಕೂಲ್ ಮೇಷ್ಟ್ರಾಗಿದ್ದರೂ ಸರಿ, ಹುಳು ಸಾಕಲೇಬೇಕು. ಸಾಕದಿದ್ದರೆ ಜನ ‘ಮೇಷ್ಟ್ರಿಗೆ ಮೈ ಬಗ್ಗಲ್ಲ’ ಅಂತಾರೆ.

ಸಾಕುವವಳು ನಿಜಕ್ಕೂ ನಮ್ಮವ್ವ. ಮನೆ ಹಿಂದಿನ ಶೀಟಿನ ಹುಳುಮನೆಗೆ ಅವಳೇ ಯಜಮಾನಿ. ನನ್ನ ಹೆಂಡತಿ ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿ ಬಿಡದಿ ಕಡೆಯ ಗಾರ್ಮೆಂಟ್ಸಿಗೆ ಹೋದರೆ ಬರುವುದು ಸಂಜೆ. ಅವ್ವನ ಬಲಗೈ ಅಂದರೆ ನನ್ನ ಮಗಳು. ಹೋದ ವರ್ಷ ಅವಳಿಗೆ ಹದಿನಾಲ್ಕು. ಬಾಗಿಲಲ್ಲಿ ನಿಂತು ಹುಳು ತಿನ್ನುವ ಸದ್ದು ಕೇಳಿಯೇ, “ಅಜ್ಜಿ, ಸೊಪ್ಪು ಬಲಿತುಬುಟ್ಟೈತೆ, ನಾಳೆ ಕೆಳಗಡೆ ಸಾಲಿಂದ ಕುಯ್ಯಿ” ಅನ್ನುತ್ತಿದ್ದಳು. ನಾನು ಅದೇ ಬಾಗಿಲಲ್ಲಿ ನಿಂತು ಎಷ್ಟು ಕಿವಿಗೊಟ್ಟರೂ ನನಗೆ ಕೇಳಿಸುತ್ತಿದ್ದುದು ನನ್ನ ಎದೆಯ ಸದ್ದು ಮಾತ್ರ. ಅವ್ವ ಮೊಮ್ಮಗಳ ಬಗ್ಗೆ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು: “ನಮ್ ಮೊಗೀನ ಕೈಗುಣ ಕಣವ್ವ, ಅವ್ಳು ಸೊಪ್ಪಾಕುದ್ರೆ ಹುಳ ನಗ್ತಾವೆ.”

ಆ ಕೈಗುಣಕ್ಕೆ ತಿಂಗಳಲ್ಲಿ ನಾಲ್ಕು ದಿನ ರಜೆ. ಮುಟ್ಟಾದ ಹೆಂಗಸು ಹುಳುಮನೆಯ ಹೊಸಿಲು ದಾಟಬಾರದು, ಅವಳ ಗಾಳಿ ಸೋಕಿದರೆ ಹುಳು ಕೆಡುತ್ತದೆ ಎಂಬುದು ನಮ್ಮ ಕಡೆಯ ಕಟ್ಟಳೆ. ಮಗಳು ದೊಡ್ಡವಳಾದ ಮೇಲೆ ಅವಳಿಗೂ ಅದೇ ಕಟ್ಟಳೆ ಬಂತು. ನಾನು ವಿಜ್ಞಾನದ ಮೇಷ್ಟ್ರು. ಏನಾದರೂ ಹೇಳಬಹುದಿತ್ತು. ‘ಹೋಗಲಿ, ನಾಲ್ಕು ದಿನ ಮಗುವಿಗೆ ವಿಶ್ರಾಂತಿ’ ಅಂದುಕೊಂಡೆ. ಹೆದರಿಕೆಗೆ ಇಂಥ ಒಳ್ಳೊಳ್ಳೆ ಹೆಸರಿಡುವುದರಲ್ಲಿ ನಾನು ನಿಪುಣ.

ನಿಜ ಹೇಳಬೇಕೆಂದರೆ ಆ ಕಟ್ಟಳೆಯಿಂದ ನನಗೆ ಲಾಭವೇ ಆಗಿತ್ತು. ನಾನು ಏಳು ವರ್ಷದವನಿದ್ದಾಗ, ಅವ್ವ ಹೊರಗಾದ ದಿನಗಳಲ್ಲಿ, ನನಗಿಂತ ದೊಡ್ಡವಳಾದ ಅಕ್ಕನೂ ಹೊರಗಾಗಿದ್ದರೆ, ಹುಳುಮನೆಗೆ ನಾನೇ ರಾಜ. ಅವರಿಬ್ಬರೂ ಹಿತ್ತಲ ಜಗಲಿಯಲ್ಲಿ ಕೂತು ಕೂಗಿ ಹೇಳುತ್ತಿದ್ದರು, ನಾನು ಒಳಗೆ ಸೊಪ್ಪು ಹಾಕುತ್ತಿದ್ದೆ. ಎಮ್ಮೆ ತೊಳೆದ ಕೈಯಲ್ಲೇ ಬಂದರೂ, ಸತ್ತ ಹೆಗ್ಗಣವನ್ನು ಬಾಲ ಹಿಡಿದು ಎಸೆದು ಬಂದರೂ ನನ್ನನ್ನು ತಡೆದವರಿಲ್ಲ. ಗಂಡುಮಗನಿಗೆ ಮೈಲಿಗೆ ಇಲ್ಲ. ಇನ್ನೊಂದನ್ನೂ ಅಲ್ಲೇ ಕಲಿತೆ. ಅಪ್ಪನ ಕೈಯಲ್ಲಿ ಬೆಳೆ ಕೆಟ್ಟರೆ ಗಾಳಿ ಸರಿಯಿಲ್ಲ ಅನ್ನುತ್ತಿದ್ದರು. ಅವ್ವನ ಕೈಯಲ್ಲಿ ಕೆಟ್ಟರೆ ಅವ್ವನೇ ಸರಿಯಿಲ್ಲ. ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ ಇದು. ಅದಕ್ಕೇ ಮರೆಯುವುದೂ ಇಲ್ಲ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳು ತಿನ್ನುವುದನ್ನು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಏಳೆಂಟು ದಿನ ಬಕಾಸುರನ ಹಾಗೆ ತಿಂದು ಗೂಡಿಗೆ ಕೂರುತ್ತವೆ. ಆ ದಿನಗಳಲ್ಲಿ ಅವಕ್ಕೆ ಸೊಪ್ಪಿನಷ್ಟೇ ಗಾಳಿಯೂ ಬೇಕು. ಇದು ನಮ್ಮೂರಿನ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು.

ಅವತ್ತು ಅವ್ವ ಮುಂಜಾನೆಯೇ ಸೊಪ್ಪು ಹಾಕಿ ಮಾಗಡಿಯ ನೆಂಟರ ಮನೆಯ ತಿಥಿಗೆ ಹೋಗಿದ್ದಳು. ಹೆಂಡತಿ ಕೆಲಸಕ್ಕೆ. ಮಗಳಿಗೆ ಎರಡನೇ ದಿನ, ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ನನಗೆ ರಾಮನಗರದಲ್ಲಿ ಪರೀಕ್ಷೆ ಪೇಪರ್ ತಿದ್ದುವ ಕೆಲಸ. ಹೊರಡುವ ಮುಂಚೆ ಹುಳುಮನೆ ಇಣುಕಿದೆ. ಕಿಟಕಿಯ ಬಲೆಯ ಮೇಲೆ ಒಂದು ಊಜಿ ನೊಣ. ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಹುಳುವಿನ ಕತೆ ಮುಗಿಯಿತು. ಬಲೆಯ ಮೂಲೆಯಲ್ಲಿ ಬೆರಳು ತೂರುವಷ್ಟು ಹರಿದಿತ್ತು. ಹೊಲಿಯಲು ಹೊತ್ತಿಲ್ಲ, ಬಸ್ಸು ಬರುವ ಹೊತ್ತು. ಟಾರ್ಪಾಲು ತಂದು ಆ ಕಿಟಕಿಗೆ ಹೊರಗಿಂದ ಕಟ್ಟಿದೆ. ಆಮೇಲೆ, ಬೇರೆ ಕಿಟಕಿಯಲ್ಲೂ ಹರಿದಿದ್ದರೆ? ನಾಲ್ಕಕ್ಕೂ ಕಟ್ಟಿದೆ, ಎರಡೆರಡು ಗಂಟು ಹಾಕಿ. ಹನ್ನೆರಡು ಗಂಟೆಗೆಲ್ಲ ಬಂದು ಬಿಚ್ಚುತ್ತೇನೆ ಅಂದುಕೊಂಡೆ. ಮಗಳಿಗೆ ಹೇಳಲಿಲ್ಲ. ಹೇಳಿ ಏನು ಮಾಡುವುದು, ಅವಳು ಒಳಗೆ ಹೋಗುವ ಹಾಗಿಲ್ಲವಲ್ಲ.

ಪೇಪರ್ ತಿದ್ದುವುದು ಹನ್ನೆರಡಕ್ಕೆ ಮುಗಿಯಲಿಲ್ಲ. ನಾನು ಊರು ಮುಟ್ಟಿದಾಗ ನಾಲ್ಕೂವರೆ.

ಕಿಟಕಿಗಳ ಮೇಲೆ ಟಾರ್ಪಾಲು ಇರಲಿಲ್ಲ. ಮಡಿಸಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿತ್ತು. ಹುಳುಮನೆಯ ಬಾಗಿಲಲ್ಲಿ, ಆಗಷ್ಟೇ ಬಂದಿದ್ದ ಅವ್ವ ಕೈಚೀಲವನ್ನೂ ಇಳಿಸದೆ ನಿಂತಿದ್ದಳು. ಎದುರಿಗೆ ಮಗಳು. ಬೆವರು ಮುಖ, ಕೈ ತುಂಬ ಬಾಡಿದ ಕಡ್ಡಿ ಸೊಪ್ಪು.

“ಒಳೀಕ್ ಹೋಗಿದ್ಲು ಇವ್ಳು,” ಅಂದಳು ಅವ್ವ. ದನಿ ಏರಲಿಲ್ಲ. ಅದಕ್ಕೇ ಹೆದರಿಕೆಯಾದದ್ದು. “ಎಲ್ಡನೇ ದಿನ ಮಡಿಕಂಡು. ಯಾಕೋಗಿದ್ದೆ ಅಂದ್ರೆ ಬಾಯ್ ಬುಡಲ್ಲ. ನೀನೇ ಕೇಳು.”

ಮಗಳು ಅಜ್ಜಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಏನಾಗಿದೆ ಎಂದು ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಮುಚ್ಚಿದ ಹುಳುಮನೆಯ ಬಿಸಿ ಜಗಲಿಯಲ್ಲಿ ಕೂತವಳಿಗೆ ತಿಳಿದಿದೆ. ಟಾರ್ಪಾಲು ಬಿಚ್ಚಿದ್ದಾಳೆ. ಬೆಂದ ಸೊಪ್ಪಿನ ಹಾಸಿಗೆಯ ಮೇಲೆ ಹುಳು ಸೋತು ಬಿದ್ದದ್ದನ್ನು ನೋಡಿ ಕಟ್ಟಳೆ ಮೀರಿ ಒಳಗೆ ನುಗ್ಗಿದ್ದಾಳೆ. ಅವಳು ಕಾಯುತ್ತಿದ್ದಳು. ನಾನು ಒಂದು ವಾಕ್ಯ ಹೇಳಬೇಕಿತ್ತು, ಅಷ್ಟೆ.

ನಾನು ಕಾಲು ತೊಳೆಯಲು ಹೋದೆ.

ತೊಳೆದೆ, ಮತ್ತೆ ತೊಳೆದೆ. ಅವ್ವನ ಕೋಪ ಇಳಿಯಲಿ, ಆಮೇಲೆ ಹೇಳೋಣ. ಹುಳು ಚೇತರಿಸಿಕೊಂಡರೆ ಹೇಳುವುದೇ ಬೇಡವಲ್ಲ.

ಚೇತರಿಸಿಕೊಳ್ಳಲಿಲ್ಲ. ಮರುದಿನ ಹುಳು ಮೆತ್ತಗಾದವು, ಅದರ ಮರುದಿನ ನಾರತೊಡಗಿದವು. ಅವ್ವ ಮಂಕರಿಯಲ್ಲಿ ತುಂಬಿ ತುಂಬಿ ತಿಪ್ಪೆ ಪಕ್ಕದ ಗುಂಡಿಗೆ ಸುರಿದು ಸುಣ್ಣ ಹಾಕಿದಳು. ಮಗಳು ಜಗಲಿಯಿಂದ ಪ್ರತಿ ಮಂಕರಿಯನ್ನೂ ನೋಡುತ್ತ ಕೂತಿದ್ದಳು.

“ಊಟ ಬಿಟ್ಟವಳೆ,” ಅಂದಳು ಹೆಂಡತಿ ಮೂರನೇ ದಿನ ಬೆಳಿಗ್ಗೆ, ವ್ಯಾನಿಗೆ ಓಡುವ ಮುಂಚೆ. “ನನ್ ಮೈಯಲ್ಲಿ ಅಂಥದ್ದೇನೈತಮ್ಮ, ನಾನೇ ಸಾಯ್ಸುಬುಟ್ನಾ ಅಂತ ಕೇಳ್ತಾಳೆ. ನೀವು ಸೈನ್ಸ್ ಮೇಷ್ಟ್ರಲ್ವಾ, ಒಸಿ ಹೇಳ್ರಿ ಮತ್ತೆ.”

ಟಾರ್ಪಾಲನ್ನು ಬಿಚ್ಚಿದ್ದು ಅವಳೇ ಕೈಯಾರೆ. ಒಳಗಿನ ಬಿಸಿ ಮುಖಕ್ಕೆ ಹೊಡೆದದ್ದು ಅವಳಿಗೇ. ಆದರೂ ಅವಳು ತನ್ನ ಮೈಯನ್ನು ಅನುಮಾನಿಸುತ್ತಿದ್ದಳು. ಗಾಬರಿ ನನ್ನ ನಿತ್ಯದ ಕಸುಬು. ಆದರೆ ಅವತ್ತಿನದು ಬೇರೆ ಥರದ್ದು.

ಮಧ್ಯಾಹ್ನ ಅವ್ವ ಉಣ್ಣುತ್ತಿದ್ದಾಗ, ಮಗಳೂ ಕೇಳಲಿ ಎಂದು ಬಾಗಿಲ ಹತ್ತಿರ ನಿಂತು ಹೇಳಿದೆ. ಊಜಿ ನೊಣ, ಟಾರ್ಪಾಲು, ನಾಲ್ಕು ಕಿಟಕಿ, ಎರಡೆರಡು ಗಂಟು. ಎಲ್ಲವನ್ನೂ.

ಅವ್ವ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. ನನ್ನನ್ನು ನೋಡಿ, ಯಾವತ್ತೂ ಇಲ್ಲದ ಮೆಚ್ಚುಗೆಯಲ್ಲಿ ನಕ್ಕಳು.

“ನಿಮ್ಮಪ್ಪನ ಕರ್ಳೇ ಕಣ್ಲಾ ನೀನು. ಮೊಗೀನ್ ಮ್ಯಾಲಿನ ಪಿರೂತಿಗೆ ತಪ್ಪ ತಾನ್ ಹೊತ್ಕತಾನೆ. ಆಗ್ಲಿ ಬುಡು. ಆದ್ರೆ ನನ್ ಕಣ್ಣೇ ನೋಡೈತಲ್ಲ.”

“ಸುಳ್ಳಲ್ಲ ಅವ್ವ. ನಿಜವಾಗ್ಲೂ ನಾನೇ.”

“ಆಯ್ತು ಆಯ್ತು, ನೀನೇ. ಉಣ್ಣು ಕೂತ್ಕೊ.”

ಮೂರು ದಿನ ತಡವಾಗಿ ಬಂದ ನಿಜ ನನಗೆ ಒಳ್ಳೆಯ ತಂದೆ ಎಂಬ ಹೆಸರು ತಂದುಕೊಟ್ಟಿತು. ಮಗಳ ಮೇಲಿದ್ದದ್ದು ಒಂದು ಗುಂಜಿಯಷ್ಟೂ ಇಳಿಯಲಿಲ್ಲ. ಹೊರಗೆ ಬಂದು ಅವಳ ಚಾಪೆಯ ಪಕ್ಕ ಕೂತೆ.

“ಅವತ್ತೇ ಯಾಕೆ ಹೇಳ್ಲಿಲ್ಲ ಮೊಗ, ಅಜ್ಜಿಗೆ?”

“ನೀನು ಹೇಳ್ತೀಯ ಅಂದ್ಕೊಂಡೆ,” ಅಂದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮುಂದಿನ ಬೆಳೆ ಮಳೆ ಶುರುವಾದ ಮೇಲೆ ತಂದೆವು. ಮಗಳು ಹುಳುಮನೆಯ ಕಡೆ ತಲೆ ಹಾಕಲಿಲ್ಲ. ಮುಟ್ಟಿನ ದಿನಗಳಲ್ಲಿ ಮಾತ್ರವಲ್ಲ, ಯಾವ ದಿನವೂ. ಕರೆದರೆ ಹತ್ತನೇ ಕ್ಲಾಸಿನ ಪುಸ್ತಕ ತೋರಿಸುತ್ತಿದ್ದಳು. ಅವ್ವನಿಗೆ ಒಬ್ಬಳಿಗೇ ಆಗುತ್ತಿರಲಿಲ್ಲ. ಆದರೂ “ಬತ್ತೀಯ?” ಎಂದು ಕೇಳುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ನಾನು ಎರಡು ವಾರ ಇಬ್ಬರ ಮುಖವನ್ನೂ ನೋಡುತ್ತ, ನಾನೇ ಸೊಪ್ಪು ಹಾಕುತ್ತ, ಹಾಕಿದ್ದು ಹೆಚ್ಚಾಯಿತೋ ಕಮ್ಮಿಯಾಯಿತೋ ಎಂದು ಸಾಯುತ್ತ ಕಳೆದೆ. ಒಂದು ದಿನ ತಡೆಯಲಾರದೆ ಮಗಳಿಗೆ ಹೇಳಿದೆ: “ನಂಗೆ ಸದ್ದು ಕೇಳಕ್ಕೆ ಬರಲ್ಲ. ಬಾಗಿಲ ತನಕ ಬಂದು ಹೇಳು ಸಾಕು.”

ಅದೊಂದು ಭಾನುವಾರ. ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಅವಳು ಬಂದಳು. ಬಾಗಿಲಲ್ಲಿ ನಿಂತು ತುಸು ಹೊತ್ತು ಕೇಳಿಸಿಕೊಂಡಳು.

“ಆ ಕಡೆ ಸ್ಟ್ಯಾಂಡಿಗೆ ಸೊಪ್ಪು ಸಾಲ್ತಿಲ್ಲ. ಕೆಳಗಿನ ಅಂತಸ್ತಲ್ಲಿ ಹಾಸಿಗೆ ತೇವ ಆಗಿರ್ಬೇಕು, ನೋಡ್ಬೇಕು.” ಆಮೇಲೆ ನನ್ನ ಕಡೆ ತಿರುಗಿ, “ಅಪ್ಪ, ಇವತ್ತು ನಂಗೆ ಎರಡನೇ ದಿನ. ಒಳಗೆ ಹೋಗ್ಲಾ?” ಅಂದಳು.

ಹೋಗು ಎಂದು ಹೇಳಲು ನಾನು ಎರಡು ತಿಂಗಳಿಂದ ಕಾದಿದ್ದೆ. ಮನಸ್ಸಿನಲ್ಲೇ ಭಾಷಣವನ್ನೂ ಸಿದ್ಧ ಮಾಡಿಟ್ಟಿದ್ದೆ. ಆದರೆ ನನ್ನ ಕೈ ಬಾಗಿಲ ಚೌಕಟ್ಟಿನ ಮೇಲೆ ಇತ್ತು, ಅಡ್ಡ. ಅದನ್ನು ನಾನು ಬೇಕೆಂದು ಇಟ್ಟವನಲ್ಲ. ಏಳು ವರ್ಷದ ಹುಡುಗನೊಬ್ಬ ಇಟ್ಟಿದ್ದ. ತೆಗೆಯಲು ಎರಡು ಉಸಿರಿನಷ್ಟು ಹೊತ್ತು ಹಿಡಿಯಿತು. ಆ ಎರಡು ಉಸಿರನ್ನೂ ಅವಳು ನೋಡಿದಳು.

“ಹೋಗು,” ಅಂದೆ.

“ಅಜ್ಜಿಗೆ ನೀನೇ ಹೇಳ್ಬೇಕು. ಈ ಸಲ ಮುಂಚೇನೇ ಹೇಳು. ಏನಾದ್ರೂ ಆದ್ಮೇಲೆ ಬೇಡ.” ಒಳಗೆ ಹೋದಳು.

ಅವ್ವ ತೋಟದಲ್ಲಿ ಸೊಪ್ಪು ಕುಯ್ಯುತ್ತಿದ್ದಳು. ಅವಳ ಮುಂದೆ ನಿಂತು ಹೇಳಿದೆ: “ಅವ್ವ, ಮಗಳು ಹುಳುಮನೇಲಿ ಅವಳೆ. ಹೊರಗಾಗವಳೆ, ಎರಡನೇ ದಿನ. ನಾನೇ ಕಳಿಸ್ದೆ.”

ಅವ್ವನ ಕುಡುಗೋಲು ನಿಂತಿತು. ಮತ್ತೆ ಆಡಿತು. ಹೊರೆ ಕಟ್ಟಿದಳು. “ಎತ್ತು,” ಅಂದಳು. ಅವಳ ತಲೆ ಮೇಲೆ ಇಟ್ಟೆ. ಮುಂದೆ ಅವಳು, ಹಿಂದೆ ನಾನು. ದಾರಿಯುದ್ದಕ್ಕೂ, ಮಗುವನ್ನು ಕೈ ಹಿಡಿದು ಎಳೆದು ತಂದರೆ ಏನು ಮಾಡಲಿ, ಅಡ್ಡ ನಿಲ್ಲುವ ಧೈರ್ಯ ನನ್ನಲ್ಲಿದೆಯೇ ಎಂದು ಯೋಚಿಸಿದೆ. ಉತ್ತರ ಹೊಳೆಯುವ ಮುಂಚೆ ಹುಳುಮನೆ ಬಂತು.

ಅವ್ವ ಹೊರೆಯನ್ನು ಹೊಸಿಲ ಮುಂದೆ ಇಳಿಸಿದಳು. ಒಳಗೆ ಕಾಲಿಡಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ಜಗಲಿಯ ಮೇಲೆ, ಹೊರಗಾದ ದಿನಗಳಲ್ಲಿ ತಾನೂ ನನ್ನ ಅಕ್ಕನೂ ಕೂರುತ್ತಿದ್ದ ಜಾಗದಲ್ಲಿ ಕೂತಳು.

“ಅವ್ಳು ಒಳಗಿರೋಗಂಟ ನಾನ್ ಬರಾಕಿಲ್ಲ,” ಅಂದಳು. “ಕೆಟ್ರೆ ನಿಮ್ಮಿಬ್ರುದೂ.”

“ನನ್ನೊಬ್ಬನ್ದು,” ಅಂದೆ.

ಆ ಬೆಳೆ ಹೇಗೆ ಬಂತು ಎಂದು ನಾನಿಲ್ಲಿ ಬರೆಯುವುದಿಲ್ಲ. ಚೆನ್ನಾಗಿ ಬಂತು ಅಂದರೆ ನೀವು ‘ನೋಡಿದಿರಾ’ ಅನ್ನುತ್ತೀರಿ, ಕೆಟ್ಟಿತು ಅಂದರೆ ಅವ್ವ ‘ನೋಡಿದ್ಯಾ’ ಅನ್ನುತ್ತಾಳೆ. ನನ್ನ ಮಗಳ ಮೈ ಸರಿಯೋ ತಪ್ಪೋ ಎಂದು ಹುಳುಗಳು ತೀರ್ಪು ಕೊಡುವುದು ಬೇಡ.

ಆ ಭಾನುವಾರವಂತೂ ನಾನು ಹೊರೆ ಬಿಚ್ಚಿ ಸೊಪ್ಪನ್ನು ಒಳಗೆ ಸಾಗಿಸುತ್ತಲೇ ಇದ್ದೆ. ಅರ್ಧ ಗಂಟೆ ಕಳೆಯಿತು. ಆಮೇಲೆ ಜಗಲಿಯಿಂದ, ಯಾರಿಗೂ ಹೇಳದವಳ ಹಾಗೆ ಆಕಾಶ ನೋಡಿಕೊಂಡು, ಅವ್ವ ಅಂದಳು: “ತ್ಯಾವದ್ ಹಾಸ್ಗೆ ಮ್ಯಾಲೆ ಸೊಪ್ಪಾಕ್‌ಬ್ಯಾಡ್ರಿ. ಮೊದ್ಲು ಸುಣ್ಣ ಉದುರ್ಸಿ.”

“ಉದುರ್ಸಿವ್ನಿ ಕಣಜ್ಜಿ,” ಅಂದಿತು ಒಳಗಿಂದ ಮಗಳ ದನಿ.