ಎಡಮುರಿ

ಹೋದ ತಿಂಗಳು ಚಾಮರಾಜನಗರದಿಂದ ಚಂದಕವಾಡಿಗೆ ಬರುತ್ತಿದ್ದಾಗ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಕಿಟಕಿಯಿಂದ ಗಪ್ಪಂತ ಒಂದು ವಾಸನೆ ಬಂತು. ಎಲ್ಲೋ ರೇಷ್ಮೆ ಗೂಡು ಬೇಯಿಸುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ನಾನು ಮಾತ್ರ ಮೂಗು ಅರಳಿಸಿಕೊಂಡು ಕೂತೆ. ಆ ವಾಸನೆಯ ಹಿಂದೆಯೇ ಅಕ್ಕ ಬಂದಳು, ಅವಳ ಹಿಂದೆ ನನ್ನ ಹಳೇ ಹೊಟ್ಟೆಕಿಚ್ಚೂ ಬಂತು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತು. ಚಾಮರಾಜನಗರದ ಹೊರಗೆ ಒಂದು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ನಾವು ಹದಿನಾಲ್ಕು ಜನ ಹೆಂಗಸರು ಕೆಲಸಕ್ಕಿದ್ದೆವು. ಗೂಡು ತೇಲಿಬಿಡುವ ಬಿಸಿನೀರಿನ ತೊಟ್ಟಿಗೆ ಬೇಸಿನ್ ಅನ್ನುತ್ತಿದ್ದೆವು, ನನ್ನ ಪಕ್ಕದ ಬೇಸಿನ್ ಅವಳದು. ಗುಂಡ್ಲುಪೇಟೆ ಕಡೆಯವಳು, ಭೀಮನಬೀಡು. ಟೌನಿನಲ್ಲಿ ತಂಗಿ ಮನೆಯಲ್ಲಿದ್ದುಕೊಂಡು ಬರುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ಎಡಗೈಯವಳು.

ಅವಳ ಕೈ ಎಂಥಾ ಕೈ ಅಂತೀರಿ! ಬಿಸಿನೀರಲ್ಲಿ ತೇಲೋ ಗೂಡಿಗೆ ಬೆರಳು ತಾಗಿಸಿದರೆ ಎಳೆ ತಾನಾಗಿ ಬರುತ್ತಿತ್ತು. ನನ್ನ ಎಳೆ ಗಳಿಗೆಗೊಂದು ಸಲ ಪಟ್ ಅಂತ ಹರಿಯುತ್ತಿತ್ತು. ನೂಲನ್ನೆಲ್ಲ ಸುತ್ತಿ ಕೊನೆಗೆ ಜಡೆಯ ಹಾಗೆ ತಿರುವಿ ಕಟ್ಟುವುದಕ್ಕೆ ಲಡಿ ಅನ್ನುತ್ತಿದ್ದೆವು. ನಾವೆಲ್ಲ ಬಲಕ್ಕೆ ತಿರುವಿದರೆ ಅವಳು ಎಡಕ್ಕೆ ತಿರುವುತ್ತಿದ್ದಳು. ‘ಬಂದವಪ್ಪ ಎಡಮುರಿ’ ಅಂತ ನಾವು ನಗುತ್ತಿದ್ದೆವು. ನಗುತ್ತಿದ್ದೆವು ನಿಜ, ಆದರೆ ಯಜಮಾನರು ಬಂದಾಗ ಕೈಗೆತ್ತಿಕೊಂಡು ನೋಡುತ್ತಿದ್ದದ್ದು ಅದೇ ಎಡಮುರಿಯನ್ನ. ನನ್ನ ಹೊಟ್ಟೆ ಧಗಧಗ ಅನ್ನುತ್ತಿತ್ತು.

ಇನ್ನೊಂದು ಹೇಳಿಬಿಡ್ತೀನಿ, ನಾಚಿಕೆಯಾದರೂ ಸರಿ. ಅವಳ ಗುಟ್ಟೆಲ್ಲ ಆ ಎಡಗೈ ತಿರುವಿನಲ್ಲೇ ಇದೆ ಅಂದುಕೊಂಡು ನಾನು ಮನೆಯಲ್ಲಿ ಹಗ್ಗ ಹಿಡಿದು ಎಡಕ್ಕೆ ತಿರುವೋದನ್ನ ಕಲಿತೆ. ಅತ್ತೆ ನೋಡಿ, ಇವಳಿಗೇನು ಗ್ರಹಚಾರ ಹಿಡೀತು ಅಂದರು. ಕಾರ್ಖಾನೆಯಲ್ಲಿ ಮಾತ್ರ ಒಂದು ದಿನವೂ ಹಾಗೆ ತಿರುವಲಿಲ್ಲ. ಅವಳನ್ನು ನೋಡಿ ಕಲಿತಳು ಅನ್ನಿಸಿಕೊಳ್ಳೋದು ಬೇಡವಾಗಿತ್ತು.

ನಮ್ಮ ಸೂಪರ್‌ವೈಸರ್ ಒಬ್ಬನಿದ್ದ. ಬೆಣ್ಣೆಯಂಥಾ ಮಾತು, ಬೆಕ್ಕಿನಂಥಾ ಬುದ್ಧಿ. ಒಳ್ಳೊಳ್ಳೆ ಗೂಡನ್ನ ಚೀಲಕ್ಕೆ ತುಂಬಿ ಹಿಂಬಾಗಿಲಿಂದ ಸಾಗಿಸುತ್ತಿದ್ದ. ನಮಗೆಲ್ಲ ಗೊತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ಅಕ್ಕ ಮಾತ್ರ ಒಂದು ದಿನ ಎಲ್ಲರೆದುರೇ, ಬೆಳಿಗ್ಗೆ ಬಂದ ಗೂಡು ಮಧ್ಯಾಹ್ನಕ್ಕೆ ಎಲ್ಲಿಗೆ ಹೋಯಿತು ಅಂತ ಕೇಳಿಬಿಟ್ಟಳು. ಅವನು ನಕ್ಕು ಆಚೆ ಹೋದ.

ಮಾರನೇ ದಿನದಿಂದ ಶುರುವಾಯಿತು. ಲಡಿ ಯಾರದು ಅಂತ ಯಜಮಾನರು ತಿಳಿಯುತ್ತಿದ್ದದ್ದು ಅದಕ್ಕೆ ಕಟ್ಟಿದ ಹೆಸರಿನ ಚೀಟಿಯಿಂದ, ಅದನ್ನ ಅವನು ಅದಲುಬದಲು ಮಾಡತೊಡಗಿದ. ಅವಳ ಲಡಿಗೆ ನನ್ನ ಚೀಟಿ, ನನ್ನ ಗಂಟುಗಂಟು ಲಡಿಗೆ ಅವಳ ಚೀಟಿ. ಅವನು ಚೀಟಿ ಬದಲಾಯಿಸೋದನ್ನ ನಾನು ಕಣ್ಣಾರೆ ಕಂಡೆ. “ಸುಮ್ನಿರಮ್ಮಿ, ನಿಂಗೇ ಒಳ್ಳೇದು” ಅಂದ. ನಾನು ಸುಮ್ಮನಿದ್ದೆ. ಯಜಮಾನರು ನನ್ನ ಹೆಸರು ಹಿಡಿದು ಶಹಬ್ಬಾಸ್ ಅಂದಾಗ... ಸುಳ್ಳು ಯಾಕೆ ಹೇಳಲಿ, ಸಿಹಿಯಾಗೇ ಇತ್ತು.

ತಿಂಗಳು ತುಂಬುವುದರೊಳಗೆ ಅಕ್ಕನ ಕೆಲಸ ಕೆಟ್ಟಿದೆ, ಅವಳನ್ನು ತೆಗೆಯುತ್ತಾರೆ ಅನ್ನೋ ಮಾತು ಹಬ್ಬಿತು. ಅವಳಿಗೂ ಎಲ್ಲ ಗೊತ್ತಾಗಿತ್ತು. ತನ್ನ ಎಡಮುರಿ ಬೇರೆಯವರ ಚೀಟಿ ಹೊತ್ತು ಕೂತಿದ್ದರೆ ಗೊತ್ತಾಗದೇ ಇರುತ್ತಾ? ಊಟದ ಹೊತ್ತಲ್ಲಿ ನನ್ನ ಹತ್ತಿರ ಬಂದು ಕೂತಳು. ಜಗಳಕ್ಕೆ ಬಂದಳು ಅಂದುಕೊಂಡೆ. ಅವಳು ನನ್ನನ್ನು ಬಯ್ಯಲೇ ಇಲ್ಲ.

“ನಿನ್ ತಪ್ಪಲ್ಲ ಬುಡು, ಇದು ಅವನ ಕೆಲ್ಸ” ಅಂದಳು. “ನಾಳಿಕೆ ಯಜಮಾನ್ರು ಬತ್ತರೆ. ಎಲ್ರ ಕೈಲೂ ಒಂದೊಂದು ಲಡಿ ತಿರುವ್ಸಿ ಅಂತ ಕೇಳ್ತೀನಿ. ನೀನು ಯಾವಾಗ್ಲೂ ತಿರುವೋ ಹಂಗೆ ಬಲಕ್ಕೆ ತಿರುವು. ಅಷ್ಟೇ ಸಾಕು ಕಣಮ್ಮಿ.”

ಹೂಂ ಅಂದೆ.

ಮಾರನೇ ದಿನ ಅವಳು ಅಂದ ಹಾಗೇ ಕೇಳಿದಳು. ಯಜಮಾನರು ಒಪ್ಪಿದರು. ಒಬ್ಬೊಬ್ಬರೇ ಬಂದು ತಿರುವಿದರು, ಎಲ್ಲ ಬಲಕ್ಕೆ. ಅಕ್ಕ ತಿರುವಿದಳು, ಎಡಕ್ಕೆ. ಯಜಮಾನರು ನನ್ನ ಚೀಟಿಯಿದ್ದ ಎಡಮುರಿ ಲಡಿಯನ್ನೂ ಅವಳ ಕೈಯಲ್ಲಿದ್ದದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಸೂಪರ್‌ವೈಸರ್ ಮುಖ ಹುಳಿ ಹಿಂಡಿದ ಹಾಗಾಯಿತು. ಕೊನೆಯವಳು ನಾನು.

ಲಡಿ ಕೈಗೆ ತಗೊಂಡೆ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಮೆಚ್ಚಿಕೊಂಡು. ಅಷ್ಟು ಜನರ ಮುಂದೆ ಅವಳು ಗೆಲ್ಲೋದನ್ನ ನನಗೆ ನೋಡೋಕಾಗಲಿಲ್ಲ. ಎಡಕ್ಕೆ ತಿರುವಿದೆ. ಗಾಬರಿಗೆ ಕೈತಪ್ಪಿ ಹಾಗಾಯಿತು ಅಂತ ಆಮೇಲೆ ನೂರು ಸಲ ನನಗೆ ನಾನೇ ಹೇಳಿಕೊಂಡಿದ್ದೀನಿ. ಕೈಯೇನೂ ತಪ್ಪಿರಲಿಲ್ಲ.

ಸೂಪರ್‌ವೈಸರ್‌ಗೆ ಹೋದ ಜೀವ ಬಂತು. ನೋಡಿ ಸಾಮಿ, ಇವತ್ತು ಬೇಕಂತಲೇ ಎಡಕ್ಕೆ ತಿರುವಿ ಇನ್ನೊಬ್ಬಳ ಕೆಲಸ ತನ್ನದು ಅಂತ ಎಷ್ಟು ಧೈರ್ಯವಾಗಿ ಹೇಳ್ತಾಳೆ ಅಂದ. ಉಳಿದವರಿಗೆಲ್ಲ ಗೊತ್ತಿದ್ದರೂ ಅವನಿಗೆ ಹೆದರಿ ಯಾರೂ ಮುಂದೆ ಬರಲಿಲ್ಲ. ಯಜಮಾನರು ಅಕ್ಕನಿಗೆ ಸೋಮವಾರದಿಂದ ಬರಬೇಡ ಅಂದರು. ಅವಳು ನನ್ನ ಕೈಯಲ್ಲಿದ್ದ ಲಡಿಯನ್ನು ತಗೊಂಡು ಒಂದು ಗಳಿಗೆ ನೋಡಿದಳು. ತುದಿ ಹೊರಗೆ ಉಳಿದಿತ್ತು. ಅದನ್ನ ಬೆರಳಲ್ಲಿ ಒಳಗೆ ಸಿಕ್ಕಿಸಿ, “ಬುಟ್ರೆ ಬಿಚ್ಕತದೆ ಕಣಮ್ಮಿ” ಅಂದು ವಾಪಸು ಕೊಟ್ಟಳು. ಆಮೇಲೆ ಟಿಫನ್ ಡಬ್ಬಿ ತಗೊಂಡು ಹೋದಳು...

ವರ್ಷದೊಳಗೆ ಸೂಪರ್‌ವೈಸರ್ ಗೂಡಿನ ಚೀಲದ ಸಮೇತ ಸಿಕ್ಕಿಬಿದ್ದು ಕೆಲಸ ಕಳಕೊಂಡ. ಆಗಲಾದರೂ ಯಜಮಾನರ ಹತ್ತಿರ ಬಾಯಿ ಬಿಡಬಹುದಿತ್ತು, ಅವಳನ್ನು ವಾಪಸು ಕರೀತಿದ್ದರೋ ಏನೋ. ನಾನು ಬಾಯಿ ಬಿಡಲಿಲ್ಲ. ಕರೆದರೆ ಮತ್ತೆ ನನ್ನ ಪಕ್ಕಕ್ಕೇ ಬಂದು ಕೂರುತ್ತಿದ್ದಳಲ್ಲ.

ಬಸ್ಸಲ್ಲಿ ಆ ವಾಸನೆ ಬಂದ ಮೇಲೆ ಒಂದು ವಾರ ತಡೆದೆ. ಆಮೇಲೆ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಭೀಮನಬೀಡಿನ ಬಸ್ಸು ಹತ್ತಿದೆ. ರೇಷ್ಮೆ ಕೆಲಸಕ್ಕೆ ಹೋಗುತ್ತಿದ್ದ ಎಡಗೈಯವಳು ಅಂತ ಕೇಳಿದ್ದಕ್ಕೆ ಮನೆ ತೋರಿಸಿದರು. ಅಂಗಳದಲ್ಲಿ ಅವಳ ಮಗಳು ಈರುಳ್ಳಿ ಹರಡುತ್ತಿದ್ದಳು. ಅವ್ವ ತೀರಿಕೊಂಡು ಮೂರು ವರ್ಷವಾಯಿತು ಅಂದಳು.

ಅಲ್ಲಿಂದಲೇ ತಿರುಗಿ ಬರಬಹುದಿತ್ತು. ಬರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ, ನಾನು ಎಡಕ್ಕೆ ತಿರುವಿದ್ದೂ ಸೇರಿಸಿ. ಅವಳು ಕೈ ಒರೆಸಿಕೊಂಡು ಪೂರ್ತಿ ಕೇಳಿಸಿಕೊಂಡಳು.

“ಇನ್ನೊಬ್ರ ಕೆಲ್ಸ ಕದ್ದಳು ಅನ್ನಿಸ್ಕಂಡೇ ಸತ್ತೋದ್ಲು ನಮ್ಮವ್ವ” ಅಂದಳು, ಕಣ್ಣು ಕೆಂಪಗೆ ಮಾಡಿಕೊಂಡು. “ಈಗ ಬಂದು ನಂಗೇಳ್ತಿದ್ದೀಯಲ್ಲ, ಯಾರಿಗೇಳ್ಲಿ ನಾನು? ಓಗು, ಒಂಟೋಗು ಇಲ್ಲಿಂದ.”

ಬಸ್ಸಿನವರೆಗೂ ನಡೆದು ಬಂದೆ. ಅಳು ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಅದೇ ಹಾಳು ಹೊಟ್ಟೆಕಿಚ್ಚು. ನನಗೂ ಇಬ್ಬರು ಮಕ್ಕಳಿದ್ದಾರೆ. ನಾನು ಸತ್ತು ಮೂರು ವರ್ಷವಾದ ಮೇಲೆ ಯಾರಾದರೂ ಬಂದು ನನ್ನ ವಿಷಯ ಎತ್ತಿದರೆ, ನನ್ನ ಪರವಾಗಿ ಹಾಗೆ ಕಣ್ಣು ಕೆಂಪಗೆ ಮಾಡಿಕೊಳ್ಳುವವರು ಆ ಇಬ್ಬರಲ್ಲಿ ಯಾರೂ ಇಲ್ಲ.