ಕುಶನ್ ಅಂಗಡಿಯ ಪುಟದಲ್ಲಿ ಕೇಕು

ಬೀದಿಯವರೆಲ್ಲ ಅವನನ್ನು ಸಿಡುಕಪ್ಪ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಕುರ್ಚಿ, ಸೋಫಾಗಳಿಗೆ ಕುಶನ್ ಹೊಲಿಯುವುದು ಅವನ ಕಸುಬು. ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು ಕೆಲಸ ಮಾಡುವವನು, ಮಾತು ಕಡಿಮೆ ಇರಬೇಕು ಎಂದುಕೊಂಡರೆ ಕೆಟ್ಟಿರಿ. ಮೊಳೆಗಳ ಸಂದಿಯಿಂದಲೇ ಬೈಯುವ ವಿದ್ಯೆ ಅವನಿಗೆ ಕೈವಶವಾಗಿತ್ತು.

ಊರ ಗ್ರಂಥಾಲಯದವರು ತಮ್ಮ ಮುನ್ನೂರು ಕುರ್ಚಿಗಳಿಗೆ ಹೊಸ ಸೀಟು ಹಾಕಿಸುತ್ತಾರೆಂಬ ಸುದ್ದಿ ಬಂದಾಗಿನಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಆ ಕುರ್ಚಿಗಳನ್ನು ಹೊಲಿದದ್ದು ಅವನು ಮತ್ತು ಅವನಪ್ಪ. ಅಪ್ಪ ದಬ್ಬಳ ಹಿಡಿದ ಕೊನೆಯ ದೊಡ್ಡ ಕೆಲಸ ಅದು. ಅವುಗಳ ಮೇಲೆ ಇನ್ನೊಬ್ಬನ ಕೈ ಬೀಳುವುದನ್ನು ನೆನೆದರೇ ಅವನ ಮೈ ಉರಿಯುತ್ತಿತ್ತು.

ಶುಕ್ರವಾರ ನಾಲ್ಕು ಗಂಟೆಗೆ, ಕೆಲಸ ಕೊಡಬಹುದಾದ ಅಂಗಡಿಗಳ ಪಟ್ಟಿ ಗ್ರಂಥಾಲಯದ ಸಮಿತಿಯ ಮುಂದೆ ಹೋಗುವುದಿತ್ತು. ತನ್ನ ಹೆಸರು ಇದೆಯೋ ಇಲ್ಲವೋ ನೋಡಿಬರೋಣ ಎಂದು ಅವನು ಎರಡು ಗಂಟೆಗೇ ಹೋಗಿ ಕಚೇರಿಯ ಮೇಜಿನ ಮುಂದೆ ನಿಂತ. ಕನ್ನಡಕದ ಮೇಡಂ ಕಂಪ್ಯೂಟರಿನಲ್ಲಿ ಹುಡುಕಿದರು.

"ನಿಮ್ಮ ಅಂಗಡಿ ಇದೆ ಯಜಮಾನ್ರೇ. ಆದ್ರೆ ಕೆಲಸ ಅನ್ನೋ ಕಡೆ ಕೇಕು ಅಂತ ಬಂದಿದೆಯಲ್ಲ?"

"ಏನು ಬಂದಿದೆ?"

"ಕೇಕು. ಮೊಟ್ಟೆ ಹಾಕದೇ ಇರೋದೂ ಸಿಗತ್ತಂತೆ."

ಸಿಡುಕಪ್ಪನ ಕಿವಿ ಕೆಂಪಾಯಿತು. "ಯಾವ ತಲೆಕೆಟ್ಟೋನು ಬರೆದದ್ದು ಇದನ್ನ?"

"ಯಾರೂ ಬರೆದಿಲ್ಲ. ನಲವತ್ತು ಅಂಗಡಿಗೂ ಫೋನ್ ಮಾಡ್ತಾ ಕೂರೋಕೆ ನಮ್ಮಲ್ಲಿ ಜನ ಎಲ್ಲಿದ್ದಾರೆ? ಈಗ ಎಐ ಏಜೆಂಟ್ ಅಂತ ಒಂದು ಸಾಧನ ಇದೆ. ಫೋನಲ್ಲಿ ನಿಮ್ಮ ಜಾಹೀರಾತು ಒತ್ತಿದ್ರೆ ಒಂದು ಪುಟ ತೆರೆಯುತ್ತಲ್ಲ, ಆ ಪುಟಾನ ಅದೇ ಓದುತ್ತೆ. ಏನು ಕೆಲಸ, ಎಷ್ಟು ವರ್ಷದ ಅನುಭವ, ಫೋನ್ ನಂಬರು, ಎಲ್ಲಾನೂ ಅದೇ ತುಂಬುತ್ತೆ. ಪುಟದಲ್ಲಿ ಇರೋದನ್ನೇ ತಗೊಳ್ಳತ್ತೆ. ನಾವು ಕೈಯಲ್ಲಿ ತಿದ್ದೋ ಹಾಗಿಲ್ಲ. ನಾಲ್ಕರೊಳಗೆ ಸರಿ ಮಾಡಿಸಿ, ಇನ್ನೊಂದು ಸಲ ಓದಿಸ್ತೀನಿ."

ಪುಟ ಮಾಡಿಕೊಟ್ಟಿದ್ದು ಹೆಂಡತಿಯ ತಮ್ಮ. ಎರಡು ಬೀದಿ ಆಚೆ ಅವನ ಜೆರಾಕ್ಸ್ ಅಂಗಡಿ. ಸಿಡುಕಪ್ಪ ಒಳಗೆ ಕಾಲಿಟ್ಟ ರಭಸಕ್ಕೆ ಮೇಜಿನ ಮೇಲಿದ್ದ ಹಾಳೆಗಳು ಹಾರಿದವು.

"ಲೋ, ನಾನು ಕೇಕ್ ಮಾರ್ತೀನೇನೋ?"

ಭಾವಮೈದ ಪುಟ ತೆರೆದು ನೋಡಿದ. ಅದರ ತುಂಬ ಸಿಡುಕಪ್ಪನ ಅಂಗಡಿಯ ಬೋರ್ಡಿನ ಫೋಟೊ, ಅಷ್ಟೇ. ಆಮೇಲೆ ಅವನು ನಾಲಗೆ ಕಚ್ಚಿಕೊಂಡ.

"ಭಾವ, ಬೇಕರಿಯೋರಿಗೆ ಅಂತ ರೆಡಿ ಇದ್ದ ಪುಟ ಇದು. ಕೆಳಗಿನ ಅಕ್ಷರ ಅಳಿಸೋಕೆ ಬರಲಿಲ್ಲ. ಅದಕ್ಕೇ ಬಿಳಿ ಬಣ್ಣ ಮಾಡ್ಬಿಟ್ಟೆ. ಬಿಳಿ ಮೇಲೆ ಬಿಳಿ, ಯಾರಿಗೆ ಕಾಣತ್ತೆ ಅಂತ."

"ಲೈಬ್ರರಿಯ ಆ ಏಜೆಂಟಿಗೆ ಕಾಣತ್ತಂತೆ! ನನ್ನ ಬೋರ್ಡ್ ಮಾತ್ರ ಕಾಣಲ್ವಂತೆ!"

"ಬೋರ್ಡು ಫೋಟೊ ಭಾವ, ಅಕ್ಷರ ಅಲ್ಲ. ಅದು ಓದೋದು ಅಕ್ಷರಾನ ಮಾತ್ರ. ಅಕ್ಷರ ಹಾಕೋಣ ಅಂತ ಅವತ್ತೇ ಹೇಳಿದ್ದೆ. ಬೋರ್ಡಲ್ಲಿ ಎಲ್ಲಾ ಇದೆ, ಅದಕ್ಕಿಂತ ಒಂದಕ್ಷರ ಹೆಚ್ಚಿಗೆ ಬೇಡ ಅಂತ ಕುಣಿದೋರು ಯಾರು?"

ಕುಣಿದದ್ದು ತಾನೇ ಎಂದು ಸಿಡುಕಪ್ಪನಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಭಾವಮೈದ ಯಾರಿಗೋ ಫೋನ್ ಮಾಡಿ, ಕೇಳಿ, ಕೇಕನ್ನು ಅಳಿಸುವ ಹೊತ್ತಿಗೆ ಮೂರು ದಾಟಿತ್ತು. "ಈಗ ಹೇಳಿ ಭಾವ, ನೀವು ಏನು ಕೆಲಸ ಮಾಡ್ತೀರಿ?"

"ಹದಿನೆಂಟು ವರ್ಷದ ಹಿಂದೆ ಅಕ್ಕನ್ನ ಕೊಟ್ಟಿದ್ದೀರಿ, ಏನೂ ವಿಚಾರಿಸದೆ ಕೊಟ್ಟಿರೇನೋ?"

"ಅಯ್ಯೋ, ನಾನಲ್ಲ ಕೇಳ್ತಿರೋದು. ಪುಟಕ್ಕೆ ಬೇಕು."

ಸಿಡುಕಪ್ಪ ಸೊಂಟದ ಮೇಲೆ ಕೈಯಿಟ್ಟು ಹೇಳತೊಡಗಿದ. "ಬರ್ಕೋ. ಕುರ್ಚಿ, ಸೋಫಾ ಕುಶನ್ ಕೆಲಸ. ಇಪ್ಪತ್ತೆಂಟು ವರ್ಷ ಆಯ್ತು. ರೆಕ್ಸಿನ್ ಕಡಿಮೆ ಬಿದ್ರೆ ತುಂಡು ಜೋಡಿಸೋ ಕಳ್ಳಾಟ ಇಲ್ಲ. ಹೊಲಿಗೆ ಬಿಚ್ಚಿದ್ರೆ ನಾನೇ ಬಂದು ಹಾಕ್ಕೊಡ್ತೀನಿ. ಅರ್ಜೆಂಟು ಅರ್ಜೆಂಟು ಅಂತ ಪ್ರಾಣ ತಿನ್ನೋರು ಬೇರೆ ಕಡೆ ಹೋಗ್ಲಿ."

ಮಧ್ಯೆ ಮೂರು ಸಲ ಬೈಸಿಕೊಂಡಿದ್ದ ಭಾವಮೈದ ಎಲ್ಲವನ್ನೂ ಹೇಳಿದಂತೆಯೇ ಟೈಪ್ ಮಾಡಿದ.

ಓಡುತ್ತ ಗ್ರಂಥಾಲಯಕ್ಕೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಮೇಡಂ ಪುಟವನ್ನು ಮತ್ತೆ ಓದಿಸಿದರು. ಕೆಲಸ, ಕುಶನ್. ಅನುಭವ, ಇಪ್ಪತ್ತೆಂಟು ವರ್ಷ. ಗ್ಯಾರಂಟಿ, ಇದೆ. ಸಿಡುಕಪ್ಪ ಉಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ಅವನ ಅಂಗಡಿಯ ಸಾಲು ಪೂರ್ತಿ ಕೆಂಪಾಯಿತು.

"ತುರ್ತು ಕೆಲಸ, ಮಾಡುವುದಿಲ್ಲ ಅಂತ ತಗೊಂಡಿದೆ," ಎಂದರು ಮೇಡಂ. "ಇದು ಒಂದೇ ತಿಂಗಳಲ್ಲಿ ಮುಗೀಬೇಕಾದ ಕೆಲಸ. ನಿಮ್ಮ ಪುಟದಿಂದ ಆ ಅರ್ಜೆಂಟಿನ ಸಾಲು ತೆಗೆಸಿಬಿಡಿ, ಹಸಿರಾಗತ್ತೆ. ಟೈಮಿದೆ."

ಸಿಡುಕಪ್ಪ ಫೋನ್ ತೆಗೆದ. ಮನಸ್ಸಿನಲ್ಲೇ ಲೆಕ್ಕ ಹಾಕಿದ. ದಿನಕ್ಕೆ ಹತ್ತು ಕುರ್ಚಿ. ಹಳೇ ಮೊಳೆ ಕೀಳಬೇಕು, ಪಟ್ಟಿ ಬಿಗಿಯಬೇಕು, ಫೋಮ್ ಕತ್ತರಿಸಬೇಕು, ಹೊಲಿಯಬೇಕು. ಇರುವುದು ಎರಡು ಕೈ. ಮೂರೋ ನಾಲ್ಕೋ ಆದೀತು, ಹತ್ತಂತೂ ಆಗದು. ಆಗುತ್ತದೆ ಎಂದು ಬರೆಸಿ, ಅಪ್ಪನ ಕುರ್ಚಿಗೆ ತೇಪೆ ಹಾಕಿ ಕೊಡಬೇಕೇ?

"ಮೂರು ತಿಂಗಳು ಕೊಡಿ ಮೇಡಂ. ಒಂದೊಂದನ್ನೂ ಹೊಸದಾಗಿ ಮಾಡ್ಕೊಡ್ತೀನಿ."

"ನಾನೇ ಕೊಡೋ ಹಾಗಿದ್ರೆ ಕೊಡ್ತಿದ್ದೆ ಯಜಮಾನ್ರೇ."

"ಹಾಗಿದ್ರೆ ಕೆಂಪಾಗೇ ಇರ್ಲಿ ಬಿಡಿ! ಸುಳ್ಳು ಹೇಳಿದ್ರೆ ಹಸಿರು, ನಿಜ ಹೇಳಿದ್ರೆ ಕೆಂಪು. ಭಲೇ ಚೆನ್ನಾಗಿದೆ ನಿಮ್ಮ ಏಜೆಂಟು!"

ಓದುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ಅವನು ಮೆಟ್ಟಿಲಿಳಿದು ಹೋದ.

ಕೆಲಸ ಬೇರೆ ಅಂಗಡಿಗೆ ಹೋಯಿತು. ಎಷ್ಟು ಕುರ್ಚಿಯಾದರೂ ಒಂದೇ ವಾರ ಎಂದು ಅವರ ಪುಟದಲ್ಲಿತ್ತಂತೆ. ಮನೆಯಲ್ಲಿ ಹೆಂಡತಿ, "ಒಂದು ಸಾಲು ನುಂಗಿಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಒಮ್ಮೆ ಕೇಳಿದಳು. ಅವನು ಊಟ ಬಿಟ್ಟು ಎದ್ದ.

ಹದಿನೈದು ದಿನ ಕಳೆದ ಮೇಲೆ ಅವನ ಅಂಗಡಿಯ ಮುಂದೆ ಒಂದು ಟೆಂಪೊ ಬಂದು ನಿಂತಿತು. ಇಸ್ತ್ರಿ ಶರ್ಟಿನವನೊಬ್ಬ ಇಳಿದ. ಹಿಂದೆ ಅರವತ್ತು ಕುರ್ಚಿ, ಒಂದರ ಮೇಲೊಂದು. ನೋಡುತ್ತಲೇ ಅವು ಗ್ರಂಥಾಲಯದ ಕುರ್ಚಿಗಳೆಂದು ಸಿಡುಕಪ್ಪನಿಗೆ ಗುರುತು ಹತ್ತಿತು.

"ಲೈಬ್ರರಿ ಕೆಲಸ ಹಿಡಿದೋರು ನಾವೇ. ನಮ್ಮ ಹುಡುಗರ ಕೈಲಿ ಆಗ್ತಿಲ್ಲ ಅಣ್ಣಾ. ಹಾಕಿದ ಸೀಟು ವಾರಕ್ಕೇ ಎದ್ದು ಬರ್ತಿವೆ. ಲೈಬ್ರರಿಯೋರು ಹಿಂದಕ್ಕೆ ಕಳಿಸಿದ್ದಾರೆ. ನೀವು ಸ್ವಲ್ಪ ಅರ್ಜೆಂಟಾಗಿ..."

"ಅರ್ಜೆಂಟು ಅಂದ್ರೆ ಟೆಂಪೊ ತಿರುಗಿಸಿ."

ಶರ್ಟಿನವನು ಕುರ್ಚಿಗಳಿಗೆ ಕಟ್ಟಿದ್ದ ಹಗ್ಗ ಬಿಚ್ಚಿದ. ಸಿಡುಕಪ್ಪ ಒಂದು ಕುರ್ಚಿ ಇಳಿಸಿ ಬೋರಲು ಹಾಕಿದ. ಮೂಲೆಗೆ ತುಂಡು ಜೋಡಿಸಿದ್ದರು. ಮೊಳೆ ಅಂಗುಲಕ್ಕೊಂದು ಇರಬೇಕಾದಲ್ಲಿ ಗೇಣಿಗೊಂದು ಹೊಡೆದಿದ್ದರು. ಅವನು ಇಕ್ಕಳ ಹಾಕಿ ಒಂದೊಂದನ್ನೇ ಕೀಳುತ್ತ ಹೋದ.

"ವಾರಕ್ಕೆ ಇಪ್ಪತ್ತು. ಮಿಕ್ಕಿದ್ದು ಆಮೇಲೆ. ಒಪ್ಪಿದ್ರೆ ಇಳಿಸಿ."

"ಆಯ್ತಣ್ಣ, ಆಯ್ತು." ಶರ್ಟಿನವನು ಫೋನ್ ಎತ್ತಿ ಹಿಡಿದ. "ನೀವು ಕೆಲಸ ಮಾಡೋದ್ರದ್ದು ಒಂದು ಫೋಟೊ ತಗೋತೀನಿ. ನಮ್ಮ ಪುಟಕ್ಕೆ ಹಾಕೋಕೆ."

ಸಿಡುಕಪ್ಪನ ಬಾಯಲ್ಲಿ ಆಗಲೇ ನಾಲ್ಕು ಮೊಳೆಗಳಿದ್ದವು. ಅವುಗಳ ಸಂದಿಯಿಂದ ಹೊರಟ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.